ನಮ್ಮ ಹಗೇವು

ನಮ್ಮದು ಮಂಗಳೂರು. ಹಾಗಂದ ಕೂಡಲೇ ಕೇಳಿದವರ ಕಣ್ಣಿಗೆ ಸಮುದ್ರ ಬರುತ್ತದೆ. ಬಂದರು, ಹೆಂಚು, ಮೀನು. ಅಲ್ರೀ, ಅದಲ್ಲ. ನಮ್ಮದು ಕೊಪ್ಪಳ ಜಿಲ್ಲೆಯ ಮಂಗಳೂರು. ಮೊದಲು ಯಲಬುರ್ಗಾ ತಾಲೂಕಿನಲ್ಲಿತ್ತು, ಈಗ ಕುಕನೂರು ತಾಲೂಕು. ಸಮುದ್ರದ ಮಾತು ಬಿಡಿ, ಮಳೆ ಕೈಕೊಟ್ಟ ವರ್ಷ ಕೊಡ ಹಿಡಿದು ಸರದಿ ನಿಲ್ಲುವ ಸೀಮೆ. ಆ ಮಂಗಳೂರಿನಲ್ಲಿ 1843ರಲ್ಲೇ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟಿತು. 1894ರಲ್ಲಿ ಕಿಟೆಲರ ನಿಘಂಟು ಅಲ್ಲೇ ಅಚ್ಚಾಯಿತು. ಈ ಮಂಗಳೂರಿನಲ್ಲಿ ನಮ್ಮ ಅಪ್ಪಂದಿರ ಕಾಲದವರೆಗೂ ನಮ್ಮ ಕೇರಿಗಿದ್ದ ಅಕ್ಷರ ಒಂದೇ, ಹೆಬ್ಬೆಟ್ಟು.

ಆ ಹೆಬ್ಬೆಟ್ಟಿನ ಮಕ್ಕಳು ನಾವು. ಮನೆತನದಲ್ಲಿ ಮೊದಲ ಸಲ ಡಿಗ್ರಿ ಮಾಡಿದವರು. ಒಬ್ಬ ಗಂಗಾವತಿಯಲ್ಲಿ ಬಿಸಿಎ ಓದಿದ. ಒಬ್ಬ ಅತಿಥಿ ಉಪನ್ಯಾಸಕ. ಇನ್ನೊಬ್ಬ ಬೆಂಗಳೂರಿನಲ್ಲಿ ರಾತ್ರಿ ಪಾಳಿಯ ಡಾಟಾ ಎಂಟ್ರಿ ಮಾಡುತ್ತಾನೆ. ಪದ್ಯ ಬರೆಯುವ ಹುಚ್ಚಿನವರು ಒಬ್ಬರಿದ್ದೇವೆ. ಜೊತೆಗೆ ನಮ್ಮ ತಂಗಿ, ಪಿಯುಸಿಗೇ ಓದು ನಿಂತು ಹೊಲದ ಕೂಲಿಗೆ ಹೋಗುವವಳು. ಕೇರಿಯ ಅಂಬೇಡ್ಕರ್ ಭವನದ ಮೂಲೆಯ ಕೋಣೆಯಲ್ಲಿ ನಾವು ಐವರು ಎರಡು ವರ್ಷದಿಂದ ಒಂದು ಕೆಲಸ ಹಚ್ಚಿಕೊಂಡಿದ್ದೇವೆ. ಅದರ ಕತೆ ಇದು.

ಒಂದು ಸಂಜೆ ಆಯಿ ಬಾಗಿಲಲ್ಲಿ ನಿಂತು ಕೇಳಿದಳು: "ಏನ್ರಲೇ, ಹಗಲು ರಾತ್ರಿ ಆ ಪೆಟ್ಟಿಗಿ ಮುಂದ ಕುಂತು ಏನ್ ಮಾಡಾಕತ್ತೀರಿ?"

ರಿಪಾಸಿಟರಿ ಕಟ್ಟಾಕತ್ತೀವಿ ಅಂದರೆ ಆಕೆಗೆ ಏನು ತಿಳಿಯಬೇಕು? ನಾವು ಹೇಳಿದೆವು, "ಹಗೇವು ತೋಡಾಕತ್ತೀವಿ ಆಯಿ."

ಹಗೇವು ಅಂದರೆ ಆಕೆಗೆ ಗೊತ್ತು. ಕಾಳು ಕೆಡದಂತೆ ನೆಲದೊಳಗೆ ತೋಡಿ ಮುಚ್ಚಿಡುವ ಕಣಜ. ಅದನ್ನು ತೆರೆದ ದಿನ ಒಳಗಿನ ಕೆಟ್ಟ ಗಾಳಿಗೆ ಅಂಜಿ ಮೊದಲು ದೀಪ ಇಳಿಬಿಡುತ್ತಿದ್ದರು. ದೀಪ ಆರಲಿಲ್ಲ ಅಂದರೆ ಆಮೇಲೆ ಇಳಿಯುತ್ತಿದ್ದವನು ನಮ್ಮ ಮುತ್ಯಾ. ಚೀಲಗಟ್ಟಲೆ ಜೋಳ ಮೇಲಕ್ಕೆ ಕೊಟ್ಟು, ಸೆರಗಿನಷ್ಟು ಕಾಳು ಕೂಲಿ ತರುತ್ತಿದ್ದ. ಆಯಿ ತುಸು ಹೊತ್ತು ಸುಮ್ಮನಿದ್ದು ಕೇಳಿದಳು:

"ಯಾರ್ದು?"

ಈ ಪ್ರಶ್ನೆಗೆ ಉತ್ತರ ಕೊಡಲಿಕ್ಕೆ ನಮಗೆ ಒಂದು ವರ್ಷ ಬೇಕಾಯಿತು.

ಕೆಲಸ ಹುಟ್ಟಿದ್ದು ಹೀಗೆ. ದಲಿತ ಬಂಡಾಯದ ಹಳೆಯ ಸಣ್ಣ ಪತ್ರಿಕೆಗಳ ಒಂದಿಷ್ಟು ಸಂಚಿಕೆಗಳು, ಕರಪತ್ರಗಳು ನಮ್ಮ ಕೈಗೆ ಬಂದವು. ಗೆದ್ದಲು ತಿಂದವು ಕೆಲವು, ಮಳೆಗೆ ನೆನೆದವು ಕೆಲವು. ಅವುಗಳ ಜೊತೆಗೆ ಹಿರಿಯ ಸಂಗಾತಿಯೊಬ್ಬರು ಒಂದು ಸೀಡಿ ಕೊಟ್ಟರು. ಹತ್ತಿಪ್ಪತ್ತು ವರ್ಷದ ಹಿಂದೆ ಕೆಲವು ಬರಹಗಳನ್ನು ಅವರು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿಸಿದ್ದರು. ಇವನ್ನೆಲ್ಲ ಒಂದು ಕಡೆ ಸೇರಿಸಿ, ಹಳ್ಳಿಯ ಮೇಷ್ಟ್ರು ಮೊಬೈಲಿನಲ್ಲಿ ಹುಡುಕಿದರೂ ಸಿಗುವಂತೆ ಮಾಡಬೇಕು ಅನ್ನೋದು ನಮ್ಮ ಆಸೆ.

ಸೀಡಿಯಲ್ಲಿದ್ದ ಕಡತ ತೆರೆದರೆ ಕನ್ನಡವೇ ಇಲ್ಲ! ಕೊಂಬು ಕೋಡಿನ ಯುರೋಪಿನ ಅಕ್ಷರಗಳ ಸಂತೆ. ಅದರ ಗುಟ್ಟು ಆಮೇಲೆ ತಿಳಿಯಿತು. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷು ಮತ್ತು ಯುರೋಪಿನ ಅಕ್ಷರಗಳ ಸಂಖ್ಯೆಗಳ ಮೇಲೆ ಕನ್ನಡದ ವೇಷ ಹಾಕುತ್ತಿದ್ದವು. ಆ ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಗೊಂದಲ. ಯುನಿಕೋಡಿನಲ್ಲಿ ಹಾಗಿಲ್ಲ. ಅಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ. 'ಕ' ಅಂದರೆ 3221. ಜಗತ್ತಿನ ಯಾವ ಯಂತ್ರದಲ್ಲೂ ಅದು ಕ. ಬೇರೆಯವರ ಮನೆಯ ಹಿತ್ತಿಲಲ್ಲಿ ಗುಡಿಸಲು ಹಾಕಿಕೊಂಡಿದ್ದವರಿಗೆ ಸ್ವಂತ ಹೆಸರಿನ ಪಟ್ಟಾ ಸಿಕ್ಕ ಹಾಗೆ.

ಹಳೆಯದನ್ನು ಹೊಸದಕ್ಕೆ ಬದಲಿಸುವ ಪರಿವರ್ತಕಗಳು ಇವೆ. ಆದರೆ ಒಂದು ಪದ ನಮ್ಮನ್ನು ತಿಂಗಳುಗಟ್ಟಲೆ ಕಾಡಿತು. ಆ ಪದ 'ರ‍್ಯಾಲಿ'. ಚಳವಳಿಯ ಪತ್ರಿಕೆಯಲ್ಲಿ ಈ ಪದವಿಲ್ಲದ ಪುಟ ಎಷ್ಟಿದ್ದಾವು? ಇದನ್ನು ಯುನಿಕೋಡಿನಲ್ಲಿ ಬರೆಯುವಾಗ ರ ಆದ ಮೇಲೆ, ಕಣ್ಣಿಗೆ ಕಾಣದ ಒಂದು ಕೊಂಡಿ ಅಕ್ಷರ ಇಡಬೇಕು. ಆಮೇಲೆ ಹಲಂತ, ಆಮೇಲೆ ಯ. ಆ ಕೊಂಡಿ ಬಿಟ್ಟುಹೋದರೆ ಮುಂದೆ ನಿಲ್ಲಬೇಕಾದ ರ ಹಿಂದಕ್ಕೆ ಸರಿದು ಅರ್ಕಾವೊತ್ತಾಗಿ ಬಾಲಕ್ಕೆ ಅಂಟಿಕೊಳ್ಳುತ್ತದೆ. ಸರಿಪಡಿಸಲು ಕೂತಾಗ ಗೊತ್ತಾಯಿತು, ಕೆಟ್ಟಿರುವುದು ಒಂದು ಕಡೆ ಅಲ್ಲ. ಕೀಲಿಮಣೆಯಲ್ಲಿ ಆ ಕೊಂಡಿ ಮೂಡಬೇಕು. ಪರಿವರ್ತಕ ಅದನ್ನು ಸರಿಯಾದ ಜಾಗದಲ್ಲಿ ಇಡಬೇಕು. ಕಾಗುಣಿತ ತಿದ್ದುವ ತಂತ್ರಾಂಶ ಅದನ್ನು ಕಸ ಅಂದುಕೊಳ್ಳಬಾರದು. ಫಾಂಟು ಅದನ್ನು ಸರಿಯಾಗಿ ಬಿಡಿಸಬೇಕು. ಒಂದು ಪದಕ್ಕೆ ನಾಲ್ಕು ಕಡೆ ರಿಪೇರಿ. ನಾಲ್ಕೂ ನಾಲ್ಕು ಜನರ ಮನೆಯಲ್ಲಿ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ತಂತ್ರಾಂಶಕ್ಕೆ ಎರಡು ರೂಪ. ನಾವು ಬಳಸುವುದು ಹಿಟ್ಟು. ರೊಟ್ಟಿ ಬಡಿಯಬಹುದು, ತಿನ್ನಬಹುದು, ಮುಗಿಯಿತು. ಅದರ ಮೂಲಸಂಕೇತ ಬೀಜ. ಮನುಷ್ಯರು ಓದುವಂತೆ, ತಿದ್ದುವಂತೆ ಬರೆದದ್ದು. ಬೀಜ ಕೈಯಲ್ಲಿದ್ದರೆ ನಮ್ಮ ನೆಲಕ್ಕೆ ಹೊಂದುವಂತೆ ಬಿತ್ತಿಕೊಳ್ಳಬಹುದು. ದೊಡ್ಡ ಕಂಪನಿಗಳು ಹಿಟ್ಟು ಮಾರಿ ಬೀಜ ಬಚ್ಚಿಡುತ್ತವೆ. ಹಾಗೆ ಬಚ್ಚಿಡಬಾರದು ಅಂತ 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆ ಸಾರಿದರು. ಓದುವ, ತಿದ್ದುವ, ಹಂಚುವ ಹಕ್ಕನ್ನು ಪರವಾನಗಿಯಲ್ಲೇ ಬರೆದಿಟ್ಟರು. ಬೀಜದ ಲೆಕ್ಕ ಇಡುವ ಗಿಟ್ ಎಂಬ ಸಾಧನವನ್ನು ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದರು. ಯಾರು, ಯಾವ ದಿನ, ಯಾವ ಸಾಲು ತಿದ್ದಿದರು, ಯಾಕೆ ತಿದ್ದಿದರು ಎಲ್ಲವೂ ಅದರ ಖಾತೆಯಲ್ಲಿ ಉಳಿಯುತ್ತದೆ. ಆ ಖಾತೆ ಸಮೇತ ಬೀಜ ಇಡುವ ಜಾಗವೇ ರಿಪಾಸಿಟರಿ.

ನಾವು ನಾಲ್ಕು ಮನೆಯ ಬಾಗಿಲು ಬಡಿದೆವು. ಎಲ್ಲವೂ ತೆರೆದ ಮನೆಗಳೇ. ಯಾರು ಬೇಕಾದರೂ ಬೀಜ ನೋಡಬಹುದು, ಒಯ್ಯಬಹುದು. ಒಬ್ಬರು ನಮ್ಮ ತಿದ್ದುಪಡಿಯನ್ನು ಖುಷಿಯಿಂದ ಒಪ್ಪಿದರು. ಇನ್ನೊಬ್ಬರು ಉತ್ತರ ಬರೆಯಲಿಲ್ಲ. ಕೆಲಸ ಬಿಟ್ಟು ಎಷ್ಟೋ ವರ್ಷವಾಗಿತ್ತು ಅಂತ ಕಾಣುತ್ತದೆ. ಮೂರನೆಯವರು 'ನೋಡೋಣ' ಅಂದರು. ನಾಲ್ಕನೆಯದು ಕಾಗುಣಿತದ ಪದಪಟ್ಟಿ. ಅದಕ್ಕೆ ನಾವು 'ರ‍್ಯಾಲಿ' ಜೊತೆ ಇನ್ನೊಂದಿಷ್ಟು ಪದ ಕಳಿಸಿದ್ದೆವು. ನಮ್ಮ ತಂಗಿ ನಾಲ್ಕು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಪದಗಳು ಅವು. ಕಳೆ ತೆಗೆಯುತ್ತ, ಬುತ್ತಿ ಬಿಚ್ಚುತ್ತ ಹೆಂಗಸರು ಆಡಿದ ಮಾತು. ಮುದುಕರು ಚರ್ಮದ ಕೆಲಸ ನೆನೆಸಿಕೊಂಡು ಹೇಳಿದ ಮಾತು. ಎಡೆಕುಂಟಿ, ಹಂತಿ, ಕಣಿಕಿ, ಬಣವಿ. ತೊಗಲು ಹದ ಮಾಡುವ ತಂಗಡಿ ತೊಗಟೆ. ತೊಗಲು ಕತ್ತರಿಸುವ ರಂಪಿಗೆ. ತೊಗಲಿನಿಂದ ಹೊಸೆದ ಮಿಣಿ. ಇವುಗಳಲ್ಲಿ ಬಹಳಷ್ಟು ಪದಗಳ ಕೆಳಗೆ ಆ ತಂತ್ರಾಂಶ ಕೆಂಪು ಗೆರೆ ಎಳೆಯುತ್ತಿತ್ತು. ತಪ್ಪು, ತಪ್ಪು, ತಪ್ಪು.

ಉತ್ತರ ಬಂತು. ಬಹಳ ಮರ್ಯಾದೆಯ ಉತ್ತರ. 'ಇವು ಗ್ರಾಮ್ಯ ರೂಪಗಳು. ಶಿಷ್ಟ ಕನ್ನಡದ ಪಟ್ಟಿಯಲ್ಲಿ ಸೇರಿಸಿದರೆ ಗೊಂದಲವಾಗುತ್ತದೆ.'

ರಂಪಿಗೆಗೆ ಶಿಷ್ಟ ಪದ ಯಾವುದು ಸ್ವಾಮಿ? ತೊಗಲು ಮುಟ್ಟದವರ ಕನ್ನಡದಲ್ಲಿ ತೊಗಲು ಕತ್ತರಿಸುವ ಕತ್ತಿಗೆ ಹೆಸರು ಹೇಗೆ ಇದ್ದೀತು? 1973ರಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದದ್ದಕ್ಕೆ ನಾಡೇ ಹೊತ್ತಿ ಉರಿಯಿತು, ಅವರು ಮಂತ್ರಿಗಿರಿ ಕಳೆದುಕೊಂಡರು. ಅಷ್ಟು ವರ್ಷಗಳ ಮೇಲೆ ನಮ್ಮ ಅವ್ವನ ಬಾಯಿಮಾತು ಯಂತ್ರದ ಕಣ್ಣಿಗೆ ಬೂಸಾ ಆಗಿ ಕಾಣುತ್ತಿದೆ. ಯಂತ್ರಕ್ಕೆ ಜಾತಿ ಇಲ್ಲ ಅನ್ನುತ್ತಾರೆ. ಯಂತ್ರಕ್ಕೆ ಪಟ್ಟಿ ಬರೆಯುವ ಕೈಗೆ ಊರಿದೆ, ಓಣಿಯಿದೆ.

ಅವತ್ತು ರಾತ್ರಿ ತೀರ್ಮಾನ ಮಾಡಿದೆವು. ಜಗಳ ಬೇಡ. ಪರವಾನಗಿಯೇ ಹಕ್ಕು ಕೊಟ್ಟಿದೆ. ನಾಲ್ಕೂ ಬೀಜ ತಂದು ಒಂದೇ ಹಗೇವಿನಲ್ಲಿ ಇಡೋಣ. ಒಂದು ಪದ ತಿದ್ದಬೇಕಾದರೆ ನಾಲ್ಕೂ ಕಡೆ ಒಂದೇ ಏಟಿಗೆ ತಿದ್ದೋಣ. ಒಂದೇ ಆಜ್ಞೆಗೆ ಎಲ್ಲವೂ ಕಟ್ಟಿಕೊಂಡು ನಿಲ್ಲಲಿ.

ಇದು ನಮ್ಮ ತಲೆಯಲ್ಲಿ ಹುಟ್ಟಿದ ಹೊಸ ವಿದ್ಯೆ ಏನೂ ಅಲ್ಲ. ಗ್ನೂ ಯೋಜನೆಯ ಬಿನ್‌ಯುಟಿಲ್ಸ್ ಮತ್ತು ಜಿಡಿಬಿ ಎರಡೂ ಒಂದೇ ರಿಪಾಸಿಟರಿಯಲ್ಲಿ ಬಾಳುತ್ತವೆ. ಜಿಸಿಸಿ ಎಂಬ ಕಂಪೈಲರನ್ನು ಕಟ್ಟುವವರು ಅದಕ್ಕೆ ಬೇಕಾದ ಗಣಿತದ ಕಡತಗಳನ್ನೂ ಅದರ ಮರದೊಳಗೇ ಇಟ್ಟು ಒಟ್ಟಿಗೆ ಕಟ್ಟಬಹುದು. ಗೂಗಲ್ ಕಂಪನಿಯ ಎಂಜಿನಿಯರುಗಳು 2016ರಲ್ಲಿ ಬರೆದ ಪ್ರಕಾರ, ಸುಮಾರು 200 ಕೋಟಿ ಸಾಲುಗಳ ಅವರ ಮೂಲಸಂಕೇತ ಒಂದೇ ಭಂಡಾರದಲ್ಲಿತ್ತು. ಆದರೆ ಆ ಭಂಡಾರಕ್ಕೆ ಕಂಪನಿಯ ಗೋಡೆಯಿದೆ. ಗೌಡರ ಹಗೇವೂ ಒಂದೇ ಇತ್ತು, ಬಹಳ ದೊಡ್ಡದಿತ್ತು.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಕಂಪ್ಯೂಟರು ಕೊಂಡು, ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆವು. 4 ಜಿಬಿ ಮೆಮೊರಿ. ಗ್ನೂ ಲಿನಕ್ಸ್ ಹಾಕಿದೆವು. ಬೆಂಗಳೂರಿನ ಸುದರ್ಶನ ಲೇಔಟಿನ ಕೊಳೆಗೇರಿಯಲ್ಲಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದ ಗೆಳೆಯರು ಅಂಬೇಡ್ಕರ್ ಹೆಸರಿನಲ್ಲಿ ಕಂಪ್ಯೂಟರ್ ಕೇಂದ್ರ ಕಟ್ಟಿ, ಅಲ್ಲಿನ ಮಕ್ಕಳಿಗೆ ಮುಕ್ತ ತಂತ್ರಾಂಶ ಕಲಿಸಿದ್ದನ್ನು ಓದಿದ್ದೆವು. ಕೊಳೆಗೇರಿಯಲ್ಲಿ ಆದದ್ದು ಕೇರಿಯಲ್ಲಿ ಯಾಕಾಗಬಾರದು?

ಆದರೆ ಕರೆಂಟು ಕೇಳಬೇಕಲ್ಲ. ಮೊಬೈಲಿನ ನೆಟ್ಟಿನಿಂದ ರಿಪಾಸಿಟರಿ ಇಳಿಸುತ್ತಿದ್ದರೆ ಮುಕ್ಕಾಲು ಬಂದಾಗ ಕರೆಂಟು ಹೋಗುತ್ತಿತ್ತು. ಗಿಟ್ಟಿನಲ್ಲಿ ಅರ್ಧಕ್ಕೆ ನಿಂತ ಕ್ಲೋನು ನಿಂತಲ್ಲಿಂದ ಮುಂದುವರಿಯುವುದಿಲ್ಲ. ಮತ್ತೆ ಮೊದಲಿಂದ ಶುರು. ಮೂರು ರಾತ್ರಿ ಹೀಗೇ ಕಳೆದವು. ಆಮೇಲೆ ಬೆಂಗಳೂರಿನ ಗೆಳೆಯ 'ಗಿಟ್ ಬಂಡಲ್' ಕಂಡುಹಿಡಿದ. ಇಡೀ ರಿಪಾಸಿಟರಿಯನ್ನು, ಅದರ ಪೂರ್ತಿ ಇತಿಹಾಸ ಸಮೇತ, ಒಂದೇ ಕಡತವಾಗಿ ಕಟ್ಟಿಕೊಡುವ ಆಜ್ಞೆ ಅದು. ನಾಲ್ಕು ಬಂಡಲ್ ಪೆನ್‌ಡ್ರೈವಿಗೆ ಹಾಕಿ, ಊರಿಗೆ ಬರುವವರ ಕೈಲಿ ಕಳಿಸಿದ. ಬುತ್ತಿಗಂಟಿನ ಜೊತೆ ಬೀಜದ ಗಂಟೂ ಬಂತು.

ಈಗ ಕೂಡಿಸುವ ಕೆಲಸ. ಖಾಲಿ ರಿಪಾಸಿಟರಿ ಮಾಡಿ, ನಾಲ್ಕಕ್ಕೂ ಒಂದೊಂದು ಫೋಲ್ಡರು: ಕೀಲಿಮಣೆ, ಪರಿವರ್ತಕ, ಪದಪಟ್ಟಿ, ಫಾಂಟು. ಒಂದೊಂದರ ಇತಿಹಾಸವನ್ನೂ, ಅದು ಮೊದಲಿಂದ ತನ್ನ ಫೋಲ್ಡರಿನಲ್ಲೇ ಬೆಳೆದಿತ್ತು ಅನ್ನುವಂತೆ 'ಫಿಲ್ಟರ್ ರೆಪೊ' ಎಂಬ ಸಾಧನದಿಂದ ಹೊಂದಿಸಿದೆವು. ಆಮೇಲೆ ಮರ್ಜ್ ಮಾಡು ಅಂದೆವು. ಯಂತ್ರ ಒಪ್ಪಲಿಲ್ಲ. 'ಫೇಟಲ್: ರಿಫ್ಯೂಸಿಂಗ್ ಟು ಮರ್ಜ್ ಅನ್‌ರಿಲೇಟೆಡ್ ಹಿಸ್ಟರೀಸ್.' ಸಂಬಂಧವಿಲ್ಲದ ಇತಿಹಾಸಗಳನ್ನು ಕೂಡಿಸಲಾರೆ!

ನಾವು ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಊರಿಗೂ ಕೇರಿಗೂ ಸಂಬಂಧವಿಲ್ಲ ಅಂತ ಇಷ್ಟು ದಿನ ಕೇಳಿದ ಮಾತೇ ಇದು. ಆದರೆ ಗಿಟ್ಟಿನದು ಮಡಿಯಲ್ಲ, ಎಚ್ಚರ. ಗೊತ್ತಿಲ್ಲದೆ ಎರಡು ಬೇರೆ ಯೋಜನೆ ಬೆರೆತು ಕಲಸುಮೇಲೋಗರ ಆಗಬಾರದು ಅಂತ 2016ರಿಂದ ಈ ತಡೆ ಇಟ್ಟಿದ್ದಾರೆ. ಗೊತ್ತಿದ್ದೇ ಕೂಡಿಸುತ್ತಿದ್ದೇವೆ ಅಂತ ಬಾಯಿಬಿಟ್ಟು ಹೇಳಿದರೆ ಕೂಡಿಸುತ್ತದೆ. 'ಅಲೌ ಅನ್‌ರಿಲೇಟೆಡ್ ಹಿಸ್ಟರೀಸ್' ಅಂತ ಸೇರಿಸಿ ಬರೆದೆವು. ನಾಲ್ಕೂ ಕೂಡಿದವು. ನಾಲ್ಕರ ಪರವಾನಗಿ ಕಡತಗಳನ್ನೂ ಅವರವರ ಫೋಲ್ಡರಿನಲ್ಲೇ ಬಿಟ್ಟೆವು. ಒಂದಕ್ಕೆ ಜಿಪಿಎಲ್, ಇನ್ನೊಂದಕ್ಕೆ ಓಪನ್ ಫಾಂಟ್ ಲೈಸೆನ್ಸ್. ಕೂಡಿ ಬಾಳುತ್ತೇವೆ ಅಂತ ಯಾರ ಕರಾರನ್ನೂ ಮುರಿಯುವ ಹಾಗಿಲ್ಲ.

ಕೂಡಿಸುವುದು ಬೇರೆ, ಕಟ್ಟುವುದು ಬೇರೆ. ಮೊದಲ ಸಲ ನಾವು ಬೀಜದ ಫೋಲ್ಡರಿನೊಳಗೇ ಕಟ್ಟಲು ಹೋಗಿ ಎಲ್ಲ ರಾಡಿ ಮಾಡಿಕೊಂಡೆವು. ಯಾವುದು ಬರೆದದ್ದು, ಯಾವುದು ಯಂತ್ರ ಮಾಡಿದ್ದು ಗುರುತು ಸಿಗದಂತಾಯಿತು. ಆಗ ನಮ್ಮ ಅಪ್ಪ ಬೈದ ಮಾತು ಸರಿಯಾಗಿತ್ತು: "ಹಗೇವಿನ್ಯಾಗ ರಾಶಿ ಮಾಡ್ತಾರೇನಲೇ? ಕಣಾ ಬ್ಯಾರೆ ಇರಬೇಕು." ಕಣ ಬೇರೆ ಮಾಡಿದೆವು. ಕಟ್ಟುವ ಕೆಲಸಕ್ಕೆ ಹೊರಗೆ ಇನ್ನೊಂದು ಫೋಲ್ಡರು. ಕೆಟ್ಟರೆ ಅದನ್ನು ಅಳಿಸಿ ಮತ್ತೆ ಶುರು ಮಾಡಬಹುದು, ಬೀಜಕ್ಕೆ ಧಕ್ಕೆ ಇಲ್ಲ. ಆಮೇಲೆ ಸರದಿ. ಮೊದಲು ಎಲ್ಲರೂ ಬಳಸುವ ಅಕ್ಷರಗಳ ಒಂದು ಕೋಷ್ಟಕ. ಅದನ್ನು ನೋಡಿ ಪರಿವರ್ತಕ ಮತ್ತು ಕೀಲಿಮಣೆ. ಪದಪಟ್ಟಿಯಿಂದ ಕಾಗುಣಿತದ ತಂತ್ರಾಂಶ. ಕಡೆಗೆ ಫಾಂಟು. ಈ ಸರದಿಯನ್ನು ಮೇಲಿನ ಒಂದು ಮೇಕ್‌ಫೈಲಿನಲ್ಲಿ ಬರೆದೆವು. ಎರಡಕ್ಷರದ ಇಂಗ್ಲಿಷು ಬಾರದವರೂ ಒಂದೇ ಆಜ್ಞೆ ಕೊಟ್ಟು ಕಟ್ಟಬಹುದು.

ಕಟ್ಟಿದ್ದು ಸರಿಯಿದೆಯಾ ಅಂತ ಪರೀಕ್ಷಿಸಲು ವಾಕ್ಯಗಳು ಬೇಕು. ಇಂಥಲ್ಲಿ ಸಾಮಾನ್ಯವಾಗಿ ನರಿ ನಾಯಿಯ ಮೇಲೆ ಹಾರಿತು ಅನ್ನುವಂಥ ವಾಕ್ಯ ಇಡುತ್ತಾರೆ. ನಾವು ನಮ್ಮ ಜಿಲ್ಲೆಯದನ್ನೇ ಇಟ್ಟೆವು. '2014ರ ಆಗಸ್ಟಿನಲ್ಲಿ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಹಚ್ಚಲಾಯಿತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆಮೇಲೆ ಹೈಕೋರ್ಟಿನಿಂದ ಅವರಲ್ಲಿ ಬಹಳ ಮಂದಿ ಜಾಮೀನು ಪಡೆದರು.' ಹತ್ತು ವರ್ಷದ ದಾರಿ ಮೂರು ಸಾಲಿನಲ್ಲಿದೆ. ಒತ್ತಕ್ಷರ, ಅರ್ಕಾವೊತ್ತು, ಅಂಕಿ ಎಲ್ಲ ಇವೆ. ಇವುಗಳ ಜೊತೆ ರ‍್ಯಾಲಿಯ ಒಂದು ವಾಕ್ಯ. ಯಾರು ಎಲ್ಲಿ ಈ ಮರ ಕಟ್ಟಿದರೂ ಯಂತ್ರ ಈ ಸಾಲುಗಳನ್ನು ತಪ್ಪಿಲ್ಲದೆ ಬರೆದು ತೋರಿಸಿದ ಮೇಲೆಯೇ ಮುಂದಿನ ಕೆಲಸ.

ಇಷ್ಟಾಗುವಾಗ 2025ರ ಮಾರ್ಚ್ ಮುಗಿದಿತ್ತು. ಏಪ್ರಿಲ್ 14ರ ಬಾಬಾಸಾಹೇಬರ ಜಯಂತಿಗೆ ಎಲ್ಲರಿಗೂ ಕೊಟ್ಟುಬಿಡೋಣ ಅಂದೆವು. ಆದರೆ ನಾಲ್ಕು ಇತಿಹಾಸ ಸೇರಿ ಗಂಟು ಭಾರವಾಗಿತ್ತು. ಹಳ್ಳಿಯ ನೆಟ್ಟಿನಲ್ಲಿ ಯಾರು ಇಳಿಸಿಕೊಳ್ಳುತ್ತಾರೆ? ಬಿಸಿಎ ಗೆಳೆಯ ಹೇಳಿದ, "ಸ್ಕ್ವಾಶ್ ಮಾಡೋಣ." ಅಂದರೆ ಹಳೆಯ ನೂರಾರು ದಾಖಲೆಗಳನ್ನು ಹಿಂಡಿ ಒಂದೇ ದಾಖಲೆ ಮಾಡುವುದು. ಬೀಜ ಹಾಗೇ ಇರುತ್ತದೆ. ಯಾರು ಯಾವಾಗ ತಂದರು ಅನ್ನುವ ಖಾತೆ ಮಾತ್ರ ಹೋಗುತ್ತದೆ. ಹಿಂಡಿದವನ ಹೆಸರೊಂದು ಉಳಿಯುತ್ತದೆ.

"ಇತಿಹಾಸ ಯಾರ್ ಓದ್ತಾರೋ ಮಾರಾಯಾ?" ಅಂದ.

ತಂಗಿ ಬಾಗಿಲ ಹತ್ತಿರ ಕೂತಿದ್ದಳು. "ಈ ಮಾತು ನೀವಂತೀರೇನಣ್ಣಾ?" ಅಂದಳು. ಆಮೇಲೆ ಎದ್ದು ಬಂದು ಪರದೆ ನೋಡಿದಳು. "ಇದ್ರಾಗ ನಾ ಎಲ್ಲದೀನಿ, ತೋರಿಸ್ರಿ."

ತೋರಿಸಲು ಹೋದೆವು. ಪದಪಟ್ಟಿಯ ದಾಖಲೆ ತೆಗೆದೆವು. ಎಡೆಕುಂಟಿ, ಬರೆದವರು: ಬಿಸಿಎ ಗೆಳೆಯ. ರಂಪಿಗೆ, ಬರೆದವರು: ಬಿಸಿಎ ಗೆಳೆಯ. ಮಿಣಿ, ಬರೆದವರು: ಪದ್ಯ ಬರೆಯುವ ನಾವು. ನಾಲ್ಕು ನೋಟ್‌ಬುಕ್ಕಿನ ಪದಗಳನ್ನು ಕೀಲಿಮಣೆಯಲ್ಲಿ ಕುಟ್ಟಿದವರು ನಾವಾದ್ದರಿಂದ ಎಲ್ಲವೂ ನಮ್ಮ ಹೆಸರಿನಲ್ಲಿ ಕೂತಿದ್ದವು. ಎರಡು ವರ್ಷ ಬಿಸಿಲಲ್ಲಿ ಕೂಲಿಯ ಜೊತೆ ಪದ ಆರಿಸಿದವಳ ಹೆಸರು ಒಂದು ಸಾಲಿನಲ್ಲೂ ಇರಲಿಲ್ಲ.

ಏನು ಹೇಳೋದು? 'ಗ್ರಾಮ್ಯ' ಅಂದವರ ಮೇಲೆ ಸಿಟ್ಟು ಮಾಡಿಕೊಂಡು ಇಲ್ಲಿಯವರೆಗೆ ಬಂದಿದ್ದೆವು. ಅವರು ಪದವನ್ನು ಹೊರಗಿಟ್ಟರು. ನಾವು ಪದ ಒಳಗಿಟ್ಟು ಅವಳನ್ನು ಹೊರಗಿಟ್ಟೆವು. ಹಗೇವಿಗೆ ಇಳಿದವನಿಗೆ ಸೆರಗಿನಷ್ಟು ಕಾಳು ಕೊಟ್ಟು ರಾಶಿಯ ಮೇಲೆ ತನ್ನ ಮುದ್ರೆ ಒತ್ತುತ್ತಿದ್ದ ಗೌಡನಿಗೂ ನಮಗೂ ಏನು ಫರಕು? ಡಿಗ್ರಿ ಬಂದ ಎರಡೇ ವರ್ಷಕ್ಕೆ ನಮ್ಮೊಳಗೂ ಒಂದು ಊರು, ಒಂದು ಕೇರಿ ಆಗಿಬಿಟ್ಟಿತ್ತು. ಅವತ್ತು ಯಾರೂ ಊಟ ಮಾಡಲಿಲ್ಲ. ತಂಗಿ ಮಾತ್ರ, "ಅಳಾಕ ಏನಾತು, ತಿದ್ದಾಕ ಬರ್ತೈತಿಲ್ಲ?" ಅಂದಳು.

ತಿದ್ದಲು ಬರುತ್ತದೆ. ಗಿಟ್ಟಿನ ಖಾತೆಯಲ್ಲಿ ಎರಡು ಕಾಲಂ ಇವೆ. ಕೃತಿ ಯಾರದು ಅನ್ನೋದು ಒಂದು, ಅದನ್ನು ದಾಖಲಿಸಿದವರು ಯಾರು ಅನ್ನೋದು ಇನ್ನೊಂದು. ಬೇರೆಯವರ ಪರವಾಗಿ ದಾಖಲಿಸುವಾಗ ಅವರ ಹೆಸರು ಬರೆಯುವ ಅನುಕೂಲ ಮೊದಲಿಂದಲೂ ಇತ್ತು. ನಾವು ಬಳಸಿರಲಿಲ್ಲ. ಹಳೆಯ ದಾಖಲೆ ತಿದ್ದಿದರೆ ಅದರ ಗುರುತಿನ ಸಂಖ್ಯೆ ಬದಲಾಗುತ್ತದೆ, ಅದರ ಮುಂದಿನವೆಲ್ಲದರ ಸಂಖ್ಯೆಯೂ ಬದಲಾಗುತ್ತದೆ. ಆದ್ದರಿಂದ ಜನ ಪ್ರತಿ ತೆಗೆದುಕೊಳ್ಳುವ ಮೊದಲೇ ಈ ಕೆಲಸ ಆಗಬೇಕು. ನಾಲ್ಕೂ ನೋಟ್‌ಬುಕ್ಕು ಪಕ್ಕಕ್ಕಿಟ್ಟುಕೊಂಡು ಪದಪದವಾಗಿ ಅವಳ ಹೆಸರಿಗೆ ಬರೆದೆವು. ಅವಳಿಗೆ ಇ-ಮೇಲ್ ಇಲ್ಲ. ಆ ಜಾಗದಲ್ಲಿ ಊರ ಹೆಸರು ಹಾಕಿದೆವು. ಗಿಟ್ ತಕರಾರು ಮಾಡಲಿಲ್ಲ.

ಆಗ ಅವಳೇ ಇನ್ನೊಂದು ಕೇಳಿದಳು. "ನನ್ನ ಹೆಸರು ಬರದ್ರಿ. ನನಗ ಹೇಳಿದವ್ರು?" ಅದಕ್ಕೆ 'ಹೇಳಿದವರು' ಅಂತ ಒಂದು ಕಡತ ಮಾಡಿದೆವು. ಮನೆಮನೆಗೆ ಹೋಗಿ ಒಪ್ಪಿಗೆ ಕೇಳಿದೆವು. ಬಹಳ ಮಂದಿ ನಕ್ಕು ಒಪ್ಪಿದರು. ಜೀತದ ಕಾಲದ ಮಾತು ಹೇಳಿದ ಒಬ್ಬ ತಾಯಿ ಮಾತ್ರ ಕೈಮುಗಿದಳು: "ನನ್ನ ಹೆಸರು ಹಾಕಬ್ಯಾಡ್ರಪ್ಪಾ. ನಾಳಿ ಅವರ ಹೊಲಕ್ಕ ಹೋಗಬೇಕು ನಾ." ಆ ಪದಗಳ ಮುಂದೆ ಜಾಗ ಖಾಲಿ ಬಿಟ್ಟೆವು. ಆ ಖಾಲಿ ಜಾಗವೂ ಇತಿಹಾಸವೇ.

ಜಯಂತಿ ತಪ್ಪಿತು. ಸ್ಕ್ವಾಶ್ ಮಾಡಲಿಲ್ಲ. ಗಂಟಿನ ಭಾರಕ್ಕೆ ಬೇರೆ ಉಪಾಯವಿದೆ. ಬರೀ ಬಳಸುವವರು ಕೊನೆಯ ಒಂದು ದಾಖಲೆಯಷ್ಟೇ ಇಳಿಸಿಕೊಳ್ಳಬಹುದು. ಪೂರ್ತಿ ಇತಿಹಾಸ ಬೇಕಾದವರಿಗೆ ಪೆನ್‌ಡ್ರೈವು. 2025ರ ಡಿಸೆಂಬರ್ 6ರಂದು, ಬಾಬಾಸಾಹೇಬರ ಪರಿನಿರ್ವಾಣದ ದಿನ, ಭವನದ ಕೋಣೆಯಲ್ಲಿ ತಂಗಿಯೇ ಆಜ್ಞೆ ಕೊಟ್ಟಳು. ಹಳೆಯ ಯಂತ್ರ ಏದುಸಿರು ಬಿಟ್ಟು ಕಟ್ಟಿತು. ಪರೀಕ್ಷೆಯ ಸಾಲುಗಳು ಒಂದೊಂದಾಗಿ ಮೂಡಿದವು. ರ‍್ಯಾಲಿಯ ರ ತನ್ನ ಜಾಗದಲ್ಲಿ ಮುಂದೆ ನಿಂತಿತ್ತು.

ಈಗ ಆಯಿಯ ಪ್ರಶ್ನೆ. ಯಾರದು ಈ ಹಗೇವು?

1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಗೆ ಬಾಬಾಸಾಹೇಬರು ಇಳಿದದ್ದು ನಮಗೆಲ್ಲ ಗೊತ್ತು. ಆ ಕೆರೆ ನಮ್ಮವರಿಗೂ ಮುಕ್ತ ಅಂತ ಅಲ್ಲಿನ ಪುರಸಭೆ ಅದಕ್ಕೂ ಮೊದಲೇ ಠರಾವು ಮಾಡಿತ್ತು. ಕಾಗದದಲ್ಲಿ ಮುಕ್ತ, ಕೈಗೆ ನಿಷಿದ್ಧ. ಮುಕ್ತ ತಂತ್ರಾಂಶದ ಭಂಡಾರಗಳಲ್ಲೂ ಈ ಅಪಾಯ ಇದೆ. ನೋಡಲು ಎಲ್ಲರಿಗೂ ಹಕ್ಕು, ಬರೆಯಲು ಕೆಲವರ ಅಪ್ಪಣೆ. ಬರೆಯುವ ಕೈಗಳು ಯಾರವು ಅಂತ ಕೇಳದೆ ಭಂಡಾರ ಸಾರ್ವಜನಿಕ ಅನ್ನಬಾರದು. ಕೇಳುವಾಗ ಮೊದಲು ನಮ್ಮನ್ನೇ ಕೇಳಿಕೊಳ್ಳಬೇಕು.

ಹಾಗಂತ ಬಂದದ್ದೆಲ್ಲ ಸುರಿದರೆ ಹಗೇವು ಕೊಳೆಯುತ್ತದೆ. ಪರೀಕ್ಷೆ ಇರಬೇಕು, ನೋಡುವವರು ಇರಬೇಕು. ನಾವು ಮೂರು ನೇಮ ಬರೆದುಕೊಂಡೆವು. ಯಾವ ತಿದ್ದುಪಡಿಯನ್ನೂ ಇಬ್ಬರು ನೋಡಬೇಕು. ಪದಗಳಾದರೆ ಇಬ್ಬರಲ್ಲಿ ಒಬ್ಬರು ಆ ಕಸುಬಿನವರೇ ಆಗಬೇಕು, ಕಂಪ್ಯೂಟರು ಬಾರದಿದ್ದರೂ ಸರಿ, ಓದಿ ಹೇಳುತ್ತೇವೆ. ಬೇಡ ಅನ್ನುವುದಾದರೆ ಕಾರಣ ಬರೆಯಬೇಕು, 'ಗ್ರಾಮ್ಯ' ಎಂಬುದು ಕಾರಣವಲ್ಲ. ತಂದವರ ಹೆಸರಿಲ್ಲದೆ ಯಾವ ಬೀಜವೂ ಒಳಗೆ ಬೀಳಬಾರದು, ಅವರೇ ಬೇಡ ಅಂದರೆ ಬೇರೆ ಮಾತು. ಬೀಗದ ಕೈ ಒಬ್ಬರ ಹತ್ತಿರ ಇಲ್ಲ. ಗಿಟ್ಟಿನಲ್ಲಿ ಪೂರ್ತಿ ಪ್ರತಿ ತೆಗೆದುಕೊಂಡ ಪ್ರತಿಯೊಬ್ಬರ ಮನೆಯಲ್ಲೂ ಇಡೀ ಹಗೇವು ಇರುತ್ತದೆ. ಗಿಟ್‌ಹಬ್ಬಿನಂಥ ಜಾಗದಲ್ಲಿ ಇಟ್ಟರೂ ಅದನ್ನೇ ನಂಬಿ ಕೂರುವಂತಿಲ್ಲ. ಅದನ್ನು 2018ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಕೊಂಡುಕೊಂಡಿತು. ಜಾಗ ಅವರದು, ಬೀಜ ನಮ್ಮದು.

ಮೊನ್ನೆ ಆಯಿಯನ್ನು ಕೋಣೆಗೆ ಕರೆದುಕೊಂಡು ಬಂದೆವು. ತಂಗಿ 'ಮಿಣಿ' ಅಂತ ಬರೆದಳು. ಕೆಂಪು ಗೆರೆ ಬರಲಿಲ್ಲ. 'ಹೇಳಿದವರು' ಕಡತ ತೆಗೆದು ಆಯಿಯ ಹೆಸರು ಓದಿದಳು. ಆಯಿಗೆ ಓದಲು ಬರುವುದಿಲ್ಲ. ಪರದೆಯ ಹತ್ತಿರ ಬಂದು ಆ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ನಂದೂ ಐತೇನು?"

"ಐತಿ ಆಯಿ."

"ಮತ್ತ ನಿಮ್ಮ ಮುತ್ಯಾಂದು?"

ಮುತ್ಯಾನ ಮಾತು ಬರೆದುಕೊಳ್ಳುವವರು ಆಗ ಯಾರಿದ್ದರು? ನಮ್ಮ ಬಳಿ ಉತ್ತರ ಇರಲಿಲ್ಲ.

ಸಂಗಾತಿಗಳೇ, ಹಳ್ಳಿಯ ಮೇಷ್ಟ್ರುಗಳೇ, ಹಾಸ್ಟೆಲಿನ ಕೋಣೆಗಳಲ್ಲಿ ಇದನ್ನು ಓದುತ್ತಿರುವ ತಮ್ಮಂದಿರೇ, ತಂಗಿಯರೇ, ಅದಕ್ಕೇ ಈ ಬರಹ. ನಿಮ್ಮ ಮುತ್ಯಾಂದಿರು, ಆಯಿಯಂದಿರು ಇನ್ನೂ ಇದ್ದಾರೆ. ನೇಕಾರಿಕೆ, ಕುಂಬಾರಿಕೆ, ಕಲ್ಲು ಒಡೆಯುವುದು, ಹಲಗಿ ಬಾರಿಸುವುದು, ಮಲ ಹೊತ್ತದ್ದು, ಕಬ್ಬು ಕಡಿದದ್ದು ಎಲ್ಲಕ್ಕೂ ಮಾತಿದೆ. ಒಂದು ನೋಟ್‌ಬುಕ್ಕು ಹಿಡಿದು ಕೂಡ್ರಿ. ಪದ ಬರೆಯುವ ಮೊದಲು ಹೇಳಿದವರ ಹೆಸರು ಬರೆಯಿರಿ. ಕಂಪ್ಯೂಟರು ಕಲಿತವರು ನಿಮ್ಮೂರಲ್ಲೇ ಒಂದು ಪೂರ್ತಿ ಪ್ರತಿ ಇಟ್ಟುಕೊಂಡು ಸ್ವಂತ ಕೈಯಿಂದ ಕಟ್ಟಿ ನೋಡಿರಿ. ಕೆಟ್ಟರೆ ಕಣ ಅಳಿಸಿ ಮತ್ತೆ ಕಟ್ಟಿರಿ. ನಮ್ಮದರಲ್ಲಿ ತಪ್ಪು ಕಂಡರೆ ತಿದ್ದಿ ಕಳಿಸಿರಿ, ನಿಮ್ಮ ಹೆಸರಿನಲ್ಲೇ ಸೇರುತ್ತದೆ.

ಈ ಕಡೆ ಬಂದರೆ ಪೆನ್‌ಡ್ರೈವು ತನ್ನಿರಿ. ಮಂಗಳೂರು ಅಂತ ಟಿಕೀಟು ಕೇಳುವಾಗ ಮಾತ್ರ, ಕುಕನೂರು ಕಡೇದು ಅಂತ ಬಿಡಿಸಿ ಹೇಳ್ರಿ.